ವೈಸರಾಯನ ಹೆಸರು ಹೋಯಿತು, ವಿಮಾನ ಉಳಿಯಿತು

ಅರಸರ ಕಿರೀಟಗಳನ್ನೂ ಸೇನಾಪತಿಗಳ ಖಡ್ಗಗಳನ್ನೂ ಕಾಯ್ದಿಡುವುದರಲ್ಲಿ ಯಾವ ದೇಶವೂ ಹಿಂದೆ ಬಿದ್ದಿಲ್ಲ. ಗಾಜಿನ ಪೆಟ್ಟಿಗೆಯೇನು, ಕಾವಲುಗಾರನೇನು, ಹೆಸರು ಬರೆದ ಹಿತ್ತಾಳೆಯ ಫಲಕವೇನು, ಅವಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಅದೇ ದೇಶದ ಜನಸಾಮಾನ್ಯರನ್ನು ದಿನಬೆಳಗಾದರೆ ಹೊತ್ತು ತಿರುಗಿದ, ಅವರ ಟಪಾಲನ್ನೂ ಸರಕನ್ನೂ ಊರಿಂದೂರಿಗೆ ಮುಟ್ಟಿಸಿದ ಯಂತ್ರಗಳ ಗತಿಯೇನು? ದುಡಿಯುವಷ್ಟು ದಿನ ದುಡಿಸಿಕೊಂಡು, ಸವೆದ ಮೇಲೆ ಗುಜರಿಯವನ ತಕ್ಕಡಿಗೆ ಏರಿಸುವುದೇ ಲೋಕದ ರೂಢಿ. ಮುದಿಯಾದ ಎತ್ತಿಗೂ ಕೊಟ್ಟಿಗೆಯಲ್ಲಿ ಒಂದು ಹಿಡಿ ಹುಲ್ಲು ಹಾಕುವ ರೈತನ ಧರ್ಮವು ಕಾರಖಾನೆಯ ಯುಗಕ್ಕೆ ಇನ್ನೂ ಚೆನ್ನಾಗಿ ಹಿಡಿಸಿಲ್ಲ.

ಈ ರೂಢಿಗೆ ಅಪವಾದವಾಗಿ ಉಳಿದುಕೊಂಡ ಒಂದು ವಿಮಾನದ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತೇವೆ. ಅದು ಯುದ್ಧ ಗೆದ್ದ ವಿಮಾನವಲ್ಲ; ಶಬ್ದದ ವೇಗವನ್ನು ಮೀರಿದ ವಿಮಾನವೂ ಅಲ್ಲ. ಜನರನ್ನು ಹತ್ತಿಸಿಕೊಂಡು ಇಳಿಸುವುದನ್ನೇ ಕಸಬಾಗಿ ಮಾಡಿಕೊಂಡಿದ್ದ ವಿಮಾನ. ಅದರ ಹೆಸರು ವೈಕೌಂಟ್. ಟರ್ಬೈನು ಯಂತ್ರದಿಂದ ಪ್ರೊಪೆಲ್ಲರನ್ನು ತಿರುಗಿಸಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಟರ್ಬೊಪ್ರಾಪ್ ಎಂಬ ಹೆಸರು. ಆ ಜಾತಿಗೆ ವೈಕೌಂಟೇ ಲೋಕದಲ್ಲಿ ಮೊದಲನೆಯದು. ಅದರ ಜನ್ಮದ ಕಥೆಗೂ ನಮ್ಮ ದೇಶದ ಸ್ವಾತಂತ್ರ್ಯಕ್ಕೂ ಒಂದು ವಿಚಿತ್ರವಾದ ನಂಟಿರುವುದರಿಂದ, ಮೊದಲು ಅದನ್ನೇ ಹೇಳುವುದು ಯುಕ್ತ.

ಹೆಸರಿನ ಪ್ರಸಂಗ

ಎರಡನೆಯ ಮಹಾಯುದ್ಧವು ಇನ್ನೂ ನಡೆದಿರುವಾಗಲೇ, ಶಾಂತಿಕಾಲದಲ್ಲಿ ತಮ್ಮ ದೇಶವು ಎಂತೆಂತಹ ಪ್ರಯಾಣಿಕ ವಿಮಾನಗಳನ್ನು ಕಟ್ಟಬೇಕೆಂಬುದನ್ನು ಯೋಚಿಸುವುದಕ್ಕಾಗಿ ಬ್ರಿಟಿಷ್ ಸರಕಾರವು 1942ರ ಡಿಸೆಂಬರಿನಲ್ಲಿ ಲಾರ್ಡ್ ಬ್ರಾಬಝನ್ನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆಗ ಬ್ರಿಟನ್ನಿನ ಕಾರಖಾನೆಗಳು ಹೆಚ್ಚಾಗಿ ಕಾದಾಟದ ವಿಮಾನಗಳನ್ನೂ ಬಾಂಬು ಹಾಕುವ ವಿಮಾನಗಳನ್ನೂ ಕಟ್ಟುತ್ತಿದ್ದವು. ಸಾಗಾಣಿಕೆಯ ವಿಮಾನಗಳು ಅಮೇರಿಕೆಯಿಂದ ಬರುತ್ತಿದ್ದವು. ಯುದ್ಧ ನಿಂತ ದಿನವೇ ಲೋಕದ ವಿಮಾನ ವ್ಯಾಪಾರವೆಲ್ಲ ಅಮೇರಿಕೆಯ ಪಾಲಾಗುವುದೆಂಬ ಭಯ ಅವರಿಗಿತ್ತು. ಆ ಭಯ ಸುಳ್ಳೇನೂ ಆಗಿರಲಿಲ್ಲ. ಸಮಿತಿಯು ಸೂಚಿಸಿದ ಹಲವು ಬಗೆಗಳಲ್ಲಿ ಹತ್ತಿರದ ಊರುಗಳ ನಡುವೆ ಹಾರತಕ್ಕ ಟರ್ಬೈನು ವಿಮಾನವೂ ಒಂದು. ವೇಬ್ರಿಜ್ ಎಂಬಲ್ಲಿದ್ದ ವಿಕರ್ಸ್ ಕಂಪನಿಯು ಅದನ್ನು ಕಟ್ಟುವ ಹೊಣೆ ಹೊತ್ತಿತು. ರೆಕ್ಸ್ ಪಿಯರ್ಸನ್ ಅವರ ಕೈಯಲ್ಲಿ ಆರಂಭವಾದ ಆ ಕೆಲಸವನ್ನು ಜಾರ್ಜ್ ಎಡ್ವರ್ಡ್ಸ್ ಎಂಬ ಎಂಜಿನಿಯರರು ಮುಂದುವರಿಸಿ ಪೂರ್ತಿಗೊಳಿಸಿದರು.

ಈ ಹೊಸ ಕೂಸಿಗೆ ಅವರು ಇಟ್ಟ ಮೊದಲನೆಯ ಹೆಸರು ವೈಕೌಂಟ್ ಅಲ್ಲ, ವೈಸರಾಯ್! ದಿಲ್ಲಿಯ ಗದ್ದುಗೆಯ ಮೇಲೆ ಕುಳಿತು ನಾಲ್ವತ್ತು ಕೋಟಿ ಜನರ ಹಣೆಯ ಬರಹವನ್ನು ಬರೆಯುತ್ತಿದ್ದ ಅಧಿಕಾರಿಯ ಹುದ್ದೆಯೇ ವಿಮಾನಕ್ಕೆ ಭೂಷಣವೆಂದು ಅವರಿಗೆ ತೋರಿತು. ಆದರೆ ವಿಮಾನವು ಕಾರಖಾನೆಯನ್ನು ಬಿಟ್ಟು ಹೊರಬರುವ ಮೊದಲೇ 1947ರ ಆಗಸ್ಟ್ 15 ಬಂದುಬಿಟ್ಟಿತು. ಹುದ್ದೆಯೇ ಇಲ್ಲವಾದ ಮೇಲೆ ಹುದ್ದೆಯ ಹೆಸರಿಗೇನು ಬೆಲೆ? ರಾಜ್ಯಭಾರದಿಂದ ಇಳಿದ ವೈಸರಾಯನು ಎಂಜಿನಿಯರರ ನಕಾಶೆಯ ಹಾಳೆಯಿಂದಲೂ ಇಳಿಯಬೇಕಾಯಿತು. ಅವನ ಸ್ಥಾನಕ್ಕೆ ಇಂಗ್ಲಂಡಿನ ಶ್ರೀಮಂತ ಪದವಿಗಳಲ್ಲೊಂದಾದ ವೈಕೌಂಟ್ ಎಂಬುದು ಬಂದಿತು. ಒಂದು ದೇಶದ ಬಿಡುಗಡೆಯು ಸಮುದ್ರದಾಚೆಯ ಕಾರಖಾನೆಯೊಂದರ ಹೆಸರಿನ ಪಟ್ಟಿಯನ್ನೂ ತಿದ್ದಿಸಿತೆಂಬುದು ಸಣ್ಣ ಸಂಗತಿಯಾದರೂ ಸ್ವಾರಸ್ಯವಿಲ್ಲದ್ದಲ್ಲ.

ಹೊಸ ಹೆಸರಿನ ವಿಮಾನವು 1948ರ ಜುಲೈ 16ರಂದು ವಿಸ್ಲಿ ಎಂಬ ನೆಲೆಯಿಂದ ಮೊಟ್ಟಮೊದಲ ಸಲ ಹಾರಿತು. ಅದನ್ನು ಹಾರಿಸಿದವರು ಮಟ್ ಸಮರ್ಸ್. 1936ರಲ್ಲಿ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಯುದ್ಧವಿಮಾನವನ್ನು ಮೊದಲು ಹಾರಿಸಿದವರೂ ಇವರೇ. ಕಾದಾಟದ ಯುಗವನ್ನು ತೆರೆದ ಕೈಯೇ ಸುಖಪ್ರಯಾಣದ ಯುಗವನ್ನೂ ತೆರೆಯಿತು.

ಯಂತ್ರದ ಗುಟ್ಟು

ಈ ವಿಮಾನದ ಹೆಚ್ಚುಗಾರಿಕೆ ಏನೆಂಬುದನ್ನು ತಿಳಿಯಬೇಕಾದರೆ, ಅದಕ್ಕಿಂತ ಮುಂಚಿನ ವಿಮಾನಪ್ರಯಾಣ ಹೇಗಿತ್ತೆಂಬುದನ್ನು ನೆನೆಯಬೇಕು. ಡಕೋಟಾ ಮೊದಲಾದ ವಿಮಾನಗಳ ಎಂಜಿನುಗಳು ಮೋಟಾರು ಗಾಡಿಯ ಎಂಜಿನಿನಂತೆಯೇ ಪಿಸ್ಟನ್ನುಗಳಿಂದ ನಡೆಯುವಂಥವು. ಪಿಸ್ಟನ್ನು ಮುಂದೆ ಹೋಗುವುದು, ನಿಲ್ಲುವುದು, ಹಿಂದೆ ಬರುವುದು. ಮಿನಿಟಿಗೆ ಸಾವಿರಾರು ಸಲ ನಡೆಯುವ ಈ ಒದ್ದಾಟವೇ ನಡುಕವಾಗಿ ವಿಮಾನದ ಮೈಯೆಲ್ಲ ಹರಡಿ, ಕುಳಿತವರ ಹಲ್ಲುಗಳವರೆಗೂ ಮುಟ್ಟುತ್ತಿತ್ತು. ಡಕೋಟಾದ ಒಳಗೆ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡೂ ಇರಲಿಲ್ಲವಾದ್ದರಿಂದ, ಮೋಡಗಳ ಮೇಲಕ್ಕೆ ಏರಿ ಹೋಗುವ ಹಾಗಿರಲಿಲ್ಲ. ಮೋಡಗಳ ನಡುವೆಯೇ ತೂರಿ ಹೋಗಬೇಕು. ಪ್ರಯಾಣ ಮುಗಿಸಿ ಇಳಿದವರ ಕಿವಿಯೊಳಗೆ ಬಹಳ ಹೊತ್ತಿನವರೆಗೆ ಗಿರಣಿ ತಿರುಗುತ್ತಲೇ ಇರುತ್ತಿತ್ತು.

ರೋಲ್ಸ್ ರಾಯ್ಸ್ ಕಂಪನಿಯವರ ಡಾರ್ಟ್ ಎಂಬ ಎಂಜಿನಿನಲ್ಲಿ ಈ ಹಿಂದುಮುಂದಿನ ಒದ್ದಾಟವೇ ಇಲ್ಲ. ಅಲ್ಲಿ ಎಲ್ಲವೂ ಸುತ್ತುವ ಚಲನೆ. ಮುಂದಿನ ಬಾಯಿಂದ ಹೊಕ್ಕ ಗಾಳಿಯನ್ನು ಒಂದರ ಹಿಂದೊಂದರಂತೆ ಎರಡು ಚಕ್ರಗಳು ಅಮುಕುತ್ತವೆ. ಅಮುಕಿದ ಗಾಳಿಯು ಸುತ್ತಲೂ ಜೋಡಿಸಿದ ಏಳು ಉರಿಗೂಡುಗಳನ್ನು ಹೊಕ್ಕು, ಅಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನದೊಡನೆ ಉರಿದು, ಉಬ್ಬಿ ಹೊರನುಗ್ಗುತ್ತ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಮಿನಿಟಿಗೆ ಸುಮಾರು 15,000 ಸುತ್ತು ತಿರುಗುವ ಆ ದಂಡದ ವೇಗವನ್ನು ಹಲ್ಲುಗಾಲಿಗಳು ಹತ್ತರಲ್ಲೊಂದು ಪಾಲಿಗೆ ಇಳಿಸಿ ಪ್ರೊಪೆಲ್ಲರಿಗೆ ಒಪ್ಪಿಸುತ್ತವೆ. ಎಣ್ಣೆಯ ಗಾಣದಲ್ಲಿ ಎತ್ತು ಒಂದೇ ಸಮನೆ ಸುತ್ತುವುದಕ್ಕೂ, ಒನಕೆಯಿಂದ ಮೇಲೆ ಕೆಳಗೆ ಕುಟ್ಟುವುದಕ್ಕೂ ಎಷ್ಟು ಅಂತರವೋ, ಈ ಎಂಜಿನಿಗೂ ಹಳೆಯದಕ್ಕೂ ಅಷ್ಟು ಅಂತರ.

ಫಲವಾಗಿ ವೈಕೌಂಟಿನೊಳಗೆ ನಡುಕವೆಂಬುದು ಹೆಸರಿಗಷ್ಟೇ ಉಳಿಯಿತು. ಊಟದ ಹಲಗೆಯ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುವುದು ಆ ಕಾಲದ ಒಂದು ವಿನೋದವೇ ಆಗಿತ್ತು. ಒಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಂಡು ಇಪ್ಪತ್ತು ಸಾವಿರ ಅಡಿಗಳಿಗೂ ಮೇಲೆ, ಮಳೆಮೋಡಗಳ ಗಲಭೆಯನ್ನು ಕೆಳಗೆ ಬಿಟ್ಟು, ತಾಸಿಗೆ ಸುಮಾರು 500 ಕಿಲೋಮೀಟರು ವೇಗದಲ್ಲಿ ಅದು ಹೋಗುತ್ತಿತ್ತು. ಕಿಟಕಿಗಳಂತೂ 26 ಅಂಗುಲ ಎತ್ತರ, 19 ಅಂಗುಲ ಅಗಲದ ದೊಡ್ಡ ಮೊಟ್ಟೆಯಾಕಾರದವು. ಇಂದಿನ ದೊಡ್ಡ ದೊಡ್ಡ ವಿಮಾನಗಳಲ್ಲಿ ಕೊರಳು ಬಾಗಿಸಿ ಇಣಿಕಬೇಕಾದವರಿಗೆ ಆ ಕಿಟಕಿಗಳ ಔದಾರ್ಯವು ಆಶ್ಚರ್ಯವನ್ನೇ ಉಂಟುಮಾಡೀತು.

ಸಂಶಯದಿಂದ ಸನ್ಮಾನಕ್ಕೆ

ಒಳ್ಳೆಯ ವಸ್ತುವೆಂದ ಮಾತ್ರಕ್ಕೆ ಕೊಳ್ಳುವವರು ಸಾಲುಗಟ್ಟಿ ನಿಲ್ಲುವರೆಂದು ಭಾವಿಸಬಾರದು. ಬ್ರಿಟಿಷ್ ಯುರೋಪಿಯನ್ ಏರ್‌ವೇಸ್, ಅಂದರೆ ಬಿ.ಇ.ಎ. ಎಂಬ ಸರಕಾರಿ ಸಂಸ್ಥೆಯು ಈ ಹೊಸ ಎಂಜಿನನ್ನು ನಂಬುವ ಧೈರ್ಯ ಸಾಲದೆ, ಪಿಸ್ಟನ್ನಿನಿಂದ ನಡೆಯುವ ಅಂಬಾಸಡರ್ ಎಂಬ ಬೇರೆ ವಿಮಾನಗಳನ್ನು 20ರಷ್ಟು ಬೇಡಿಕೆಯಿತ್ತು ತರಿಸಿಕೊಂಡಿತು. ಮೂವತ್ತೆರಡು ಜನ ಮಾತ್ರ ಕುಳಿತುಕೊಳ್ಳಬಹುದಾಗಿದ್ದ ಮೊದಲನೆಯ ವೈಕೌಂಟ್ ಲಾಭದ ಲೆಕ್ಕಕ್ಕೆ ಸಣ್ಣದೂ ಆಗಿತ್ತು. ವಿಮಾನವು ಹುಟ್ಟಿದ ತೊಟ್ಟಿಲಲ್ಲೇ ಸಾಯುವ ಲಕ್ಷಣಗಳು ತೋರಿದವು. ಅಷ್ಟರಲ್ಲಿ ಡಾರ್ಟ್ ಎಂಜಿನಿನ ಬಲವು ಹೆಚ್ಚಿತು. ಬಲ ಹೆಚ್ಚಿದ್ದರಿಂದ ವಿಮಾನದ ಒಡಲನ್ನು ಹಿಗ್ಗಿಸಿ ಐವತ್ತರ ಹತ್ತಿರ ಜನರನ್ನು ಕೂಡಿಸುವ 700ನೆಯ ಮಾದರಿಯನ್ನು ರಚಿಸಲು ಸಾಧ್ಯವಾಯಿತು.

1950ರ ಜುಲೈ 29ರಂದು ಮೊದಲನೆಯ ಚಿಕ್ಕ ವೈಕೌಂಟ್ ಲಂಡನ್ನಿನ ನಾರ್ಥೋಲ್ಟ್ ನಿಲ್ದಾಣದಿಂದ ಪ್ಯಾರಿಸಿಗೆ ಹೋಯಿತು. ಅದರಲ್ಲಿ ಹಣ ಕೊಟ್ಟು ಕುಳಿತವರು 14 ಜನ. ಅತಿಥಿಗಳು 12 ಜನ. ಟರ್ಬೈನಿನ ಬಲದಿಂದ ಹಾರುವ ವಿಮಾನದಲ್ಲಿ ಸಾರ್ವಜನಿಕರು ಟಿಕೆಟ್ಟು ಕೊಂಡು ಪ್ರಯಾಣ ಮಾಡಿದ್ದು ಲೋಕದಲ್ಲಿ ಅದೇ ಮೊದಲು. 1953ರ ಏಪ್ರಿಲ್ 18ರಂದು ದೊಡ್ಡ ವೈಕೌಂಟುಗಳ ನಿಯತ ಸಂಚಾರವು ಲಂಡನ್ನಿನಿಂದ ರೋಮ್, ಅಥೆನ್ಸುಗಳ ಮಾರ್ಗವಾಗಿ ಸೈಪ್ರಸ್ಸಿನವರೆಗೆ ಆರಂಭವಾಯಿತು. ಆಮೇಲೆ ಕೊಳ್ಳುವವರ ಸಾಲು ತಾನಾಗಿ ಬೆಳೆಯಿತು. ಅಮೇರಿಕೆಯ ಕ್ಯಾಪಿಟಲ್ ಏರ್‌ಲೈನ್ಸ್ ಎಂಬ ಸಂಸ್ಥೆಯೊಂದೇ 60 ವೈಕೌಂಟುಗಳನ್ನು ಕೊಂಡಿತು. ಯಾರ ವ್ಯಾಪಾರದ ಭಯದಿಂದ ಬ್ರಾಬಝನ್ ಸಮಿತಿಯು ಹುಟ್ಟಿತ್ತೋ ಅವರ ಮನೆಯ ಬಾಗಿಲಿಗೇ ಸರಕು ಹೋಗಿ ನಿಂತಿತು! 1964ರಲ್ಲಿ ಕೊನೆಯ ಕೆಲವು ವಿಮಾನಗಳು ಚೀನಕ್ಕೆ ಹೋಗುವ ಹೊತ್ತಿಗೆ ಕಟ್ಟಲ್ಪಟ್ಟ ವೈಕೌಂಟುಗಳ ಒಟ್ಟು ಸಂಖ್ಯೆ ಸುಮಾರು 445 ಆಗಿತ್ತು.

ಭಾರತದ ಆಕಾಶದಲ್ಲಿ

ವೈಸರಾಯನ ಹೆಸರನ್ನು ಕಳೆದುಕೊಂಡ ವಿಮಾನವನ್ನು ಕೊಳ್ಳುವುದಕ್ಕೆ ಸ್ವತಂತ್ರ ಭಾರತವು ಹಿಂಜರಿಯಲಿಲ್ಲ. ಹೆಸರಿನ ಮೇಲೆ ಮುನಿಸಿದ್ದೀತೇ ಹೊರತು ಯಂತ್ರದ ಮೇಲೆ ಮುನಿಸೇತಕ್ಕೆ? 1950ರ ದಶಕದ ನಡುವಿನಲ್ಲಿ ನಮ್ಮ ವಾಯುಸೇನೆಗಾಗಿ ಎರಡು ವೈಕೌಂಟುಗಳು ಬಂದವು. 1953ರಲ್ಲಿ ಎಂಟು ಖಾಸಗಿ ಸಂಸ್ಥೆಗಳನ್ನು ಕೂಡಿಸಿ ಸ್ಥಾಪಿಸಲ್ಪಟ್ಟ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು 1957ರಲ್ಲಿ ವೈಕೌಂಟುಗಳ ಸಂಚಾರವನ್ನು ಆರಂಭಿಸಿತು. ಅದುವರೆಗೆ ಮುಖ್ಯವಾಗಿ ಯುದ್ಧಕಾಲದ ಡಕೋಟಾಗಳನ್ನೇ ನೆಚ್ಚಿಕೊಂಡಿದ್ದ ದೇಶಕ್ಕೆ ಇದು ಒಂದು ಮೆಟ್ಟಿಲು ಮೇಲೇರಿದಂತಾಯಿತು. 1964ರಲ್ಲಿ ಕ್ಯಾರವೆಲ್ ಎಂಬ ಜೆಟ್ ವಿಮಾನಗಳು ಬಂದ ಮೇಲೆ ವೈಕೌಂಟು ದೊಡ್ಡ ಮಾರ್ಗಗಳನ್ನು ಬಿಟ್ಟುಕೊಡಬೇಕಾಯಿತಾದರೂ, 1970ರ ದಶಕದ ಆರಂಭದವರೆಗೂ ಇಲ್ಲಿ ದುಡಿಯಿತು.

ಡಾರ್ಟ್ ಎಂಜಿನಿನ ನಂಟು ಅಲ್ಲಿಗೇ ಮುಗಿಯಲಿಲ್ಲ. ಅದೇ ಎಂಜಿನುಗಳೆರಡನ್ನು ಹೊತ್ತ ಆವ್ರೋ 748 ಎಂಬ ವಿಮಾನವನ್ನು ನಮ್ಮ ದೇಶವು ಪರವಾನಗಿ ಪಡೆದು ಕಾನಪುರದಲ್ಲಿ ತಾನೇ ಕಟ್ಟಿತು. ಅಲ್ಲಿ ಜೋಡಿಸಿದ ಮೊದಲನೆಯ ವಿಮಾನವು 1961ರ ನವೆಂಬರ್ 1ರಂದು ಹಾರಿತು. ಒಟ್ಟು 89 ವಿಮಾನಗಳು ಆ ಕಾರಖಾನೆಯಿಂದ ಹೊರಬಂದವು. ಅವುಗಳಿಗೆ ಬೇಕಾದ ಡಾರ್ಟ್ ಎಂಜಿನುಗಳ ಕೆಲಸವು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಎಂಜಿನು ವಿಭಾಗದಲ್ಲಿ. ಕರಾವಳಿಯ ಜನರಿಗೆ ಆ ವಿಮಾನದ ನೆನಪು ಇನ್ನೊಂದು ರೀತಿಯಲ್ಲಿಯೂ ಉಂಟು: 1981ರ ಆಗಸ್ಟ್ 19ರಂದು ಮಳೆಯಲ್ಲಿ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಇಳಿದ 748 ವಿಮಾನವೊಂದು ಓಡುದಾರಿಯನ್ನು ಮೀರಿ ಹೋಗಿ ಅಂಚಿನಾಚೆ ನಿಂತಿತು. ಅಂದಿನ ರಾಜ್ಯದ ಅರ್ಥಮಂತ್ರಿಗಳಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ವಿಮಾನವು ಮತ್ತೆ ಹಾರಲಾರದಷ್ಟು ಕೆಟ್ಟಿತು. ಆದರೆ ಒಬ್ಬರ ಪ್ರಾಣಕ್ಕೂ ಅಪಾಯವಾಗಲಿಲ್ಲ.

ಲೋಹದ ದಣಿವು

ದುಡಿಮೆಯ ಕಥೆಯನ್ನು ಹೇಳುವಾಗ ಕೇವಲ ಹೊಗಳಿಕೆಯನ್ನು ಹೇಳಿ ಮುಗಿಸುವುದು ಸತ್ಯಕ್ಕೆ ದೂರವಾದೀತು. ಮನುಷ್ಯನಂತೆ ಲೋಹವೂ ದಣಿಯುತ್ತದೆ. ತಂತಿಯ ತುಂಡೊಂದನ್ನು ಒಂದು ಸಲ ಬಾಗಿಸಿದರೆ ಅದು ಮುರಿಯದು. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಾಗಿಸಿದರೆ ಥಟ್ಟನೆ ಮುರಿಯುತ್ತದೆ. ಪ್ರತಿಯೊಂದು ಹಾರಾಟದಲ್ಲಿಯೂ ರೆಕ್ಕೆಗಳು ಗಾಳಿಯ ಒತ್ತಡಕ್ಕೆ ಮೇಲಕ್ಕೆ ಬಾಗುತ್ತವೆ; ನೆಲಕ್ಕೆ ಇಳಿದಾಗ ತಮ್ಮ ಭಾರಕ್ಕೆ ಕೆಳಕ್ಕೆ ಬಾಗುತ್ತವೆ. ಕಣ್ಣಿಗೆ ಕಾಣದ ಬಿರುಕು ಎಲ್ಲೋ ಒಂದು ತೂತಿನ ಅಂಚಿನಲ್ಲಿ ಹುಟ್ಟಿ, ಕೂದಲೆಳೆಯಂತೆ ಬೆಳೆಯುತ್ತ ಹೋಗುತ್ತದೆ. ಹತ್ತಿರದ ಊರುಗಳ ನಡುವೆ ದಿನಕ್ಕೆ ಹಲವು ಸಲ ಏರಿ ಇಳಿಯುವ ವಿಮಾನಕ್ಕೆ ಈ ದಣಿವು ಬೇಗ ಬರುತ್ತದೆ.

1957ರ ಮಾರ್ಚ್ 14ರಂದು ಆಮ್‌ಸ್ಟರ್‌ಡ್ಯಾಮಿನಿಂದ ಬಂದ ಬಿ.ಇ.ಎ. ವೈಕೌಂಟೊಂದು ಮ್ಯಾಂಚೆಸ್ಟರಿನಲ್ಲಿ ಇಳಿಯುತ್ತಿರುವಾಗ, ರೆಕ್ಕೆಯ ಹಿಂದಿನ ಫ್ಲ್ಯಾಪಿನ ಜೋಡಣೆಯಲ್ಲಿದ್ದ ಒಂದು ಬೋಲ್ಟು ದಣಿವಿನಿಂದ ಮುರಿಯಿತು. ವಿಮಾನವು ಒಂದು ಪಕ್ಕಕ್ಕೆ ಮಗುಚಿ ವಿದೆನ್‌ಷಾ ಬಡಾವಣೆಯ ಮನೆಗಳ ಮೇಲೆ ಬಿದ್ದಿತು. ಒಳಗಿದ್ದ 20 ಜನರೂ ನೆಲದ ಮೇಲಿದ್ದ ಇಬ್ಬರೂ ಸತ್ತರು. ಬೆರಳಿನ ಗಾತ್ರದ ಒಂದು ಬೋಲ್ಟಿಗೆ 22 ಪ್ರಾಣಗಳ ಬೆಲೆ! 1968ರ ಡಿಸೆಂಬರ್ 31ರಂದು ಪಶ್ಚಿಮ ಆಸ್ಟ್ರೇಲಿಯದ ಪೋರ್ಟ್ ಹೆಡ್ಲೆಂಡ್ ಬಳಿ ಇನ್ನೊಂದು ವೈಕೌಂಟಿನ ಬಲಗಡೆಯ ರೆಕ್ಕೆಯು ಆಕಾಶದಲ್ಲಿಯೇ ಕಳಚಿ ಬಿದ್ದು 26 ಜನರು ಮಡಿದರು. ರೆಕ್ಕೆಯ ಭಾರವನ್ನು ಹೊರುವ ಒಳತೊಲೆಯ ತೂತಿನಲ್ಲಿ ಕೂಡಿಸಿದ್ದ ಒಂದು ಲೋಹದ ಕೊಳವೆಯಿಂದಾಗಿ ಬಿರುಕು ಬೆಳೆದಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಆಸ್ಟ್ರೇಲಿಯದಲ್ಲಿ 700ನೆಯ ಮಾದರಿಯ ವೈಕೌಂಟುಗಳು ಆ ಬಳಿಕ ಮತ್ತೆ ಹಾರಲಿಲ್ಲ.

ಇಷ್ಟನ್ನು ಹೇಳಿದ್ದು ಭಯ ಹುಟ್ಟಿಸುವುದಕ್ಕಲ್ಲ. ಇಂದು ನಾವು ನಿರ್ಭಯದಿಂದ ವಿಮಾನ ಹತ್ತುವುದಾದರೆ, ಆ ನಿರ್ಭಯವನ್ನು ಯಾರೋ ಮುಂಚಿತವಾಗಿ ಬೆಲೆ ಕೊಟ್ಟು ಕೊಂಡಿದ್ದಾರೆ. ಇಷ್ಟು ಹಾರಾಟಗಳಾದ ಮೇಲೆ ತೊಲೆಗಳನ್ನು ಬದಲಿಸತಕ್ಕದ್ದು, ಇಷ್ಟು ತಾಸುಗಳಾದ ಮೇಲೆ ಬೋಲ್ಟುಗಳನ್ನು ಬಿಚ್ಚಿ ನೋಡತಕ್ಕದ್ದು ಎಂಬ ನಿಯಮಗಳ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಮನೆಯ ಶೋಕವಿದೆ. ಹಳೆಯ ವಿಮಾನವನ್ನು ಕಾಯ್ದಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಪುಸ್ತಕದಲ್ಲಿ ಓದಿದ ಬಿರುಕಿಗೂ, ಕೈಯಿಂದ ಮುಟ್ಟಿ ನೋಡಬಹುದಾದ ತೊಲೆಗೂ ಬಹಳ ವ್ಯತ್ಯಾಸವುಂಟು.

ಉಳಿದ ತಂಗಿ

ವಿದೆನ್‌ಷಾದಲ್ಲಿ ನಾಶವಾದ ವಿಮಾನದ ನೊಂದಣಿಯ ಅಕ್ಷರಗಳು ಜಿ-ಎಎಲ್‌ಡಬ್ಲ್ಯೂಇ. ಅದರ ಹಿಂದೆಯೇ ಕಾರಖಾನೆಯಿಂದ ಹೊರಬಂದ ತಂಗಿಯ ಅಕ್ಷರಗಳು ಜಿ-ಎಎಲ್‌ಡಬ್ಲ್ಯೂಎಫ್. ಒಂದೇ ಒಲೆಯ ಎರಡು ರೊಟ್ಟಿಗಳು. ಒಂದು ಸುಟ್ಟು ಹೋಯಿತು, ಇನ್ನೊಂದು ಇಂದಿಗೂ ಉಳಿದಿದೆ. 1952ರ ಡಿಸೆಂಬರಿನಲ್ಲಿ ಮೊದಲು ಹಾರಿದ ಈ ಎರಡನೆಯದು ಈಗ ಉಳಿದಿರುವ ವೈಕೌಂಟುಗಳಲ್ಲೆಲ್ಲ ಹಳೆಯದು. ಬಿ.ಇ.ಎ.ಯವರು ತಮ್ಮ ವೈಕೌಂಟುಗಳಿಗೆ ದೇಶಶೋಧಕರ ಹೆಸರುಗಳನ್ನು ಇಡುತ್ತಿದ್ದರು. ಇದಕ್ಕೆ ಸಿಕ್ಕಿದ್ದು ಸರ್ ಜಾನ್ ಫ್ರ್ಯಾಂಕ್ಲಿನ್ನನ ಹೆಸರು. 1845ರಲ್ಲಿ ಉತ್ತರ ಧ್ರುವದ ಹಿಮಸಮುದ್ರಕ್ಕೆ ಹೊರಟ ಆ ನಾವಿಕನು ಮರಳಿ ಬರಲಿಲ್ಲ. ಅವನ ಹೆಸರು ಹೊತ್ತ ವಿಮಾನವು ಮಾತ್ರ ಪ್ರತಿಸಲವೂ ಮರಳಿ ಬಂದಿತು.

ಬಿ.ಇ.ಎ.ಗೆ ಬೇಡವಾದ ಮೇಲೆ ಅದು ಚ್ಯಾನಲ್ ಏರ್‌ವೇಸ್, ಕೇಂಬ್ರಿಯನ್ ಏರ್‌ವೇಸ್ ಮೊದಲಾದ ಸಣ್ಣ ಸಂಸ್ಥೆಗಳ ಕೈ ಸೇರಿತು. ದೊಡ್ಡ ಮನೆಯ ಸೀರೆಯು ಹಳತಾದಂತೆ ಚಿಕ್ಕ ಮನೆಗೆ ಬರುವುದು ವಿಮಾನಲೋಕದಲ್ಲಿಯೂ ಉಂಟು. 1970ರ ದಶಕದ ಆರಂಭದಲ್ಲಿ ಅದರ ಹಾರಾಟವು ನಿಂತಿತು. ಆಗ ಅದನ್ನು ಗುಜರಿಗೆ ಬಿಡಬಾರದೆಂದು ಕೆಲವರು ಕೂಡಿ ಒಂದು ಟ್ರಸ್ಟು ಮಾಡಿಕೊಂಡು ಅದನ್ನು ಉಳಿಸಿದರು. ಲಿವರ್‌ಪೂಲಿನಲ್ಲಿ ಕೆಲಕಾಲ ನಿಂತಿದ್ದ ವಿಮಾನವನ್ನು ಬಿಚ್ಚಿ, 1976ರಲ್ಲಿ ಭೂಮಾರ್ಗವಾಗಿ ಕೇಂಬ್ರಿಜ್ ಸೀಮೆಯ ಡಕ್ಸ್‌ಫರ್ಡಿಗೆ ಸಾಗಿಸಿದರು. ಅಲ್ಲಿ 1975ರಲ್ಲಿ ಹುಟ್ಟಿದ ಡಕ್ಸ್‌ಫರ್ಡ್ ಏವಿಯೇಷನ್ ಸೊಸೈಟಿಯ ಸ್ವಯಂಸೇವಕರು ಅದನ್ನು ಮತ್ತೆ ಜೋಡಿಸಿ, ಬಿ.ಇ.ಎ.ಯ ಹಳೆಯ ಬಣ್ಣವನ್ನು ಬಳಿದು ಕಾಯ್ದುಕೊಂಡು ಬಂದಿದ್ದಾರೆ. ಒಂದು ಕಾಲಕ್ಕೆ ವೈಕೌಂಟಿನ ಅನ್ನವನ್ನೇ ಕಸಿಯಲಿದ್ದ ಅಂಬಾಸಡರ್ ವಿಮಾನಗಳಲ್ಲಿ ಲೋಕಕ್ಕೆಲ್ಲ ಉಳಿದಿರುವುದು ಒಂದೇ ಒಂದು. ಅದೂ ಅದೇ ಡಕ್ಸ್‌ಫರ್ಡಿನಲ್ಲಿದೆ. ಪ್ರತಿಸ್ಪರ್ಧಿಗಳಿಬ್ಬರೂ ಮುಪ್ಪಿನಲ್ಲಿ ಒಂದೇ ಅಂಗಳದ ನೆರೆಯವರಾಗಿದ್ದಾರೆ.

ಉಳಿದ ಬಂಧುಗಳು ಬೇರೆ ಬೇರೆ ದೇಶಗಳಲ್ಲಿವೆ. ವಿಕರ್ಸ್ ಕಾರಖಾನೆಯಿದ್ದ ಸ್ಥಳದಲ್ಲಿಯೇ ಇರುವ ಬ್ರೂಕ್‌ಲ್ಯಾಂಡ್ಸ್ ಸಂಗ್ರಹಾಲಯದಲ್ಲಿ ಒಂದು, ಸ್ಕಾಟ್ಲಂಡಿನ ಈಸ್ಟ್ ಫಾರ್ಚೂನಿನಲ್ಲಿ ಒಂದು, ಕೆನಡಾದ ಒಟ್ಟಾವಾ ಮತ್ತು ವಿನಿಪೆಗ್ ನಗರಗಳಲ್ಲಿ, ಚೀನದಲ್ಲಿ, ಬ್ರೆಝಿಲಿನಲ್ಲಿ. ಇವು ಯಾವುವೂ ಹಾರುವಂಥವಲ್ಲ. ಬ್ರಿಟನ್ನಿನಲ್ಲಿ ವೈಕೌಂಟಿನ ಕೊನೆಯ ಪ್ರಯಾಣಿಕ ಹಾರಾಟವು ನಡೆದದ್ದು 1996ರ ಏಪ್ರಿಲ್ 18ರಂದು. ಅಂದರೆ ನಿಯತ ಸಂಚಾರವು ಆರಂಭವಾದ ದಿನದಿಂದ ಸರಿಯಾಗಿ 43 ವರ್ಷಗಳಿಗೆ. ಆಫ್ರಿಕ ಖಂಡದಲ್ಲಿ ಕೆಲವು ವಿಮಾನಗಳು ಇನ್ನೂ ಕೆಲವು ವರ್ಷ ದುಡಿದು ವಿಶ್ರಾಂತಿ ಹೊಂದಿದವು.

ಕಾಯ್ದಿಡುವುದೆಂದರೇನು?

ವಿಮಾನವನ್ನು ಒಂದು ಬಯಲಿನಲ್ಲಿ ನಿಲ್ಲಿಸಿ ಬಣ್ಣ ಬಳಿದರೆ ಕಾಯ್ದಿಟ್ಟಂತಾಯಿತೆಂದು ಕೆಲವರು ತಿಳಿದಿದ್ದಾರೆ. ಇದು ದೊಡ್ಡ ತಪ್ಪು. ವಿಮಾನವು ದೇವಾಲಯದ ಕಲ್ಲಲ್ಲ. ಅದರ ಮೈ ಕಾಗದದಷ್ಟಲ್ಲದಿದ್ದರೂ ತಗಡಿನಷ್ಟು ತೆಳುವಾದ ಅಲ್ಯೂಮಿನಿಯಮ್ಮಿನದು. ಮಳೆಯ ನೀರು ರಿವೆಟುಗಳ ಸಂದಿಗಳಲ್ಲಿ ಇಳಿದು ಒಳಗೊಳಗೇ ಬಿಳಿಯ ಪುಡಿಯಂಥ ಕಿಲುಬನ್ನು ಹುಟ್ಟಿಸುತ್ತದೆ. ಕಿಟಕಿಗಳ ಸುತ್ತಲಿನ ರಬ್ಬರು ಬಿಸಿಲಿಗೆ ಬಿರಿದು, ನೀರು ನೆಲಹಾಸಿನ ಕೆಳಗೆ ಸೇರುತ್ತದೆ. ಎಂಜಿನಿನ ಬಾಯಿಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಹಾರುತ್ತಿದ್ದಾಗ ನಿತ್ಯವೂ ಒರೆಸಿ, ಎಣ್ಣೆ ಹಾಕಿ, ಬಿಚ್ಚಿ ನೋಡುತ್ತಿದ್ದ ಕೈಗಳಿದ್ದವು; ನಿಂತ ಮೇಲೆ ಆ ಕೈಗಳಿಲ್ಲ. ಆದುದರಿಂದ ಹಾರುವ ವಿಮಾನಕ್ಕಿಂತ ನಿಂತ ವಿಮಾನವೇ ಬೇಗ ಕೆಡುತ್ತದೆ.

ಹಣದ ಮಾತಂತೂ ಹೇಳಬೇಕಾಗಿಯೇ ಇಲ್ಲ. ಇಂಗ್ಲಂಡಿನ ಕಾಸ್ಫರ್ಡ್ ಸಂಗ್ರಹಾಲಯದಲ್ಲಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಗೆ ಸೇರಿದ ಹಳೆಯ ವಿಮಾನಗಳ ಒಂದು ಸಾಲೇ ಇತ್ತು. ಖರ್ಚಿನ ಆಸರೆ ತಪ್ಪಿದಾಗ 2006ರಲ್ಲಿ ಆ ಸಾಲು ಚದುರಿತು. ಅಲ್ಲಿದ್ದ ವೈಕೌಂಟು ಪುಣ್ಯವಶಾತ್ ಸ್ಕಾಟ್ಲಂಡಿಗೆ ಹೋಗಿ ಉಳಿಯಿತು; ದೊಡ್ಡವಾದ ಬೋಯಿಂಗ್ 707, ವಿ.ಸಿ.10, ಟ್ರೈಡೆಂಟ್ ವಿಮಾನಗಳನ್ನು ಕತ್ತರಿಸಿ ತುಂಡುಗಳನ್ನಷ್ಟೇ ಉಳಿಸಿಕೊಂಡರು. ಸಂಗ್ರಹಾಲಯಕ್ಕೆ ಸೇರಿದ ಮಾತ್ರಕ್ಕೆ ಯಂತ್ರವು ಅಮರವಾಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಸಿರಿವಂತ ದೇಶದ ಗತಿಯೇ ಹೀಗಾದರೆ, ಉಳಿದವರು ಎಷ್ಟು ಎಚ್ಚರದಿಂದ ಇರಬೇಕು!

ಇನ್ನು ಕಟ್ಟಕಡೆಗೆ ಜ್ಞಾನದ ಮಾತು. ಎಂಜಿನಿನ ಯಾವ ಮೊಳೆಯನ್ನು ಎಷ್ಟು ಬಿಗಿಯಬೇಕು, ಯಾವ ಸದ್ದು ಬಂದರೆ ಯಾವ ರೋಗ ಎಂಬುದನ್ನು ಬಲ್ಲವರು ಕಾರಖಾನೆಯ ಕೈಕೆಲಸದವರು. ಈ ತಿಳಿವಳಿಕೆಯ ಅರ್ಧವು ಪುಸ್ತಕಗಳಲ್ಲಿದೆ, ಅರ್ಧವು ಅವರ ಬೆರಳುಗಳಲ್ಲಿದೆ. ಡಕ್ಸ್‌ಫರ್ಡಿನಂಥ ಕಡೆಗಳಲ್ಲಿ ಹಳೆಯ ಎಂಜಿನಿಯರರೂ ಎಳೆಯ ಉತ್ಸಾಹಿಗಳೂ ಒಂದೇ ರೆಕ್ಕೆಯ ಕೆಳಗೆ ಕೂತು ಕೆಲಸ ಮಾಡುವಾಗ, ತಗಡಿನ ಜತೆಗೆ ಆ ಬೆರಳುಗಳ ವಿದ್ಯೆಯೂ ಉಳಿಯುತ್ತದೆ. ವಿಮಾನದ ರಕ್ಷಣೆಯಲ್ಲಿ ನಿಜವಾಗಿ ಬೆಲೆಯುಳ್ಳದ್ದು ಇದೇ ಎಂದು ನಮ್ಮ ಅಭಿಪ್ರಾಯ.

ನಾವು ಮಾಡತಕ್ಕದ್ದು

ಪರದೇಶದ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ವೈಕೌಂಟಿನ ಡಾರ್ಟ್ ಎಂಜಿನನ್ನೇ ಹೊತ್ತು ನಮ್ಮ ವಾಯುಸೇನೆಯಲ್ಲಿ ದಶಕಗಳ ಕಾಲ ದುಡಿದ ಆವ್ರೋಗಳ ಸರದಿ ಈಗ ಬಂದಿದೆ. ಅವುಗಳ ಸ್ಥಾನಕ್ಕಾಗಿ 56 ಸಿ-295 ವಿಮಾನಗಳನ್ನು ಕೊಳ್ಳುವ ಒಪ್ಪಂದವು 2021ರ ಸೆಪ್ಟೆಂಬರಿನಲ್ಲಿ ಆಯಿತು. ಅವುಗಳಲ್ಲಿ ಮೊದಲನೆಯದು 2023ರ ಸೆಪ್ಟೆಂಬರಿನಲ್ಲಿ ನಮ್ಮ ಕೈಸೇರಿತು. ಹೊಸದು ಬರಬೇಕಾದದ್ದೇ; ಅದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಹೋಗುವ ಹಳೆಯದರ ಜತೆಗೆ ಏನೇನು ಹೋಗಲಿದೆ ಎಂಬ ಲೆಕ್ಕವನ್ನು ಈಗಲೇ ಮಾಡಬೇಕು.

ಯಾವುದೋ ಕಚೇರಿಯ ಗೇಟಿನ ಮುಂದೆ ಒಂದನ್ನು ಕಂಬದ ಮೇಲೇರಿಸಿ ನಿಲ್ಲಿಸಿದರೆ ಸಾಲದು. ಒಳ್ಳೆಯ ಸ್ಥಿತಿಯಲ್ಲಿರುವ ಒಂದು ವಿಮಾನವನ್ನು ಆರಿಸಿ, ಅದರ ಆಸನಗಳು, ಯಂತ್ರಫಲಕಗಳು, ಎಂಜಿನುಗಳು, ಹಾರಾಟದ ದಾಖಲೆ ಪುಸ್ತಕಗಳು ಇವೆಲ್ಲವುಗಳೊಡನೆ ಮಾಡಿನ ಕೆಳಗೆ ಇರಿಸಬೇಕು. ಬೆಂಗಳೂರಿನಲ್ಲಿ 2001ರಿಂದ ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯದೇ ಒಂದು ವಿಮಾನ ಸಂಗ್ರಹಾಲಯವಿದೆ. ಡಾರ್ಟ್ ಎಂಜಿನುಗಳನ್ನು ಬಿಚ್ಚಿ ಜೋಡಿಸಿದ ಕುಶಲಕರ್ಮಿಗಳಲ್ಲಿ ಅನೇಕರು ನಿವೃತ್ತರಾಗಿ ಇದೇ ನಗರದಲ್ಲಿದ್ದಾರು. ಅವರನ್ನು ಕರೆದು ಕೂಡಿಸಿ, ಅವರ ಮಾತುಗಳನ್ನು ಕನ್ನಡದಲ್ಲಿಯೇ ಬರೆದಿಡುವುದಕ್ಕೆ ದೊಡ್ಡ ಬೊಕ್ಕಸವೇನೂ ಬೇಕಿಲ್ಲ, ಬೇಕಾದದ್ದು ಮನಸ್ಸು. ತಾಂತ್ರಿಕ ಶಾಲೆಗಳ ಹುಡುಗರು ರಜೆಯ ದಿನಗಳಲ್ಲಿ ಅವರ ಕೈಕೆಳಗೆ ಒಂದು ರೆಕ್ಕೆಯ ಕಿಲುಬನ್ನು ಉಜ್ಜಿ ತೆಗೆದರೂ, ಹತ್ತು ಪಾಠಗಳಲ್ಲಿ ಸಿಗದ ವಿದ್ಯೆ ಅವರಿಗೆ ಸಿಕ್ಕೀತು.

ಪರರು ಕಟ್ಟಿದ ವಿಮಾನವನ್ನು ಪರರು ಕಾಯ್ದಿಟ್ಟುಕೊಂಡಿದ್ದಾರೆ. ಅದು ಅವರಿಗೆ ಭೂಷಣ. ನಮ್ಮವರ ಕೈಗಳು ಕಟ್ಟಿದ್ದನ್ನು ಕಾಯ್ದಿಡುವ ಹೊಣೆ ನಮ್ಮದು. ವೈಸರಾಯನ ಹೆಸರು ಹೋದದ್ದಕ್ಕೆ ಹೆಮ್ಮೆಪಡುವ ನಾವು, ಕಾನಪುರದ ಮತ್ತು ಬೆಂಗಳೂರಿನ ಕೆಲಸಗಾರರ ಹೆಸರು ಹೋಗದಂತೆ ನೋಡಿಕೊಂಡಾಗಲೇ ಆ ಹೆಮ್ಮೆಗೆ ಅರ್ಥ ಬರುವುದು. ಈ ಕೆಲಸಕ್ಕೆ ಮುಹೂರ್ತವನ್ನು ಹುಡುಕುತ್ತ ಕುಳಿತರೆ, ಕೊನೆಯ ವಿಮಾನವು ಇಳಿದ ಮರುದಿನವೇ ಗುಜರಿಯವನ ತಕ್ಕಡಿಯು ನಿಲ್ದಾಣದ ಬಾಗಿಲಲ್ಲಿ ಬಂದು ನಿಲ್ಲುವುದು.